ಕಚ್ಚಿಸಿಕೊಂಡವರು ಹೇಳುವುದಿಲ್ಲ

ಪಕ್ಕದ ಮನೆಯ ಕಾಕಾರ ಕನ್ನಡಕಕ್ಕೆ ಒಂದೇ ಕಡ್ಡಿ. ಎಡಗಡೆಯದು ಯಾವತ್ತೋ ಮುರಿದಿತ್ತು. ಅದರ ಜಾಗದಲ್ಲಿ ದನಗಳ ಗಾಯಕ್ಕೆ ಹೊಲಿಗೆ ಹಾಕುವ ಕಪ್ಪು ದಾರ ಕಟ್ಟಿ, ಆ ದಾರವನ್ನು ಕಿವಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದರು. ದಾರ ಸಡಿಲಾದರೆ ಕನ್ನಡಕ ಒಂದು ಕಡೆ ಇಳಿಯುತ್ತಿತ್ತು. ಆಗ ಎಡಗಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಮಹಾರಾಷ್ಟ್ರದ ಗಡಿಯೊಳಗೆ ಜತ್ತದ ಹತ್ತಿರದ ಸನಮಡಿಗೆ ಬಂದ ಮೂರನೆಯ ದಿನ ಹಿತ್ತಲಲ್ಲಿ ಸಗಣಿ ಬಾಚುತ್ತಿದ್ದೆ. ಕುತ್ತಿಗೆಮಟ್ಟದ ಗೋಡೆಯ ಮೇಲೆ ಆ ಕನ್ನಡಕ, ಅದರ ಹಿಂದೆ ಆ ಕಿರಿದಾದ ಕಣ್ಣು ಕಾಣಿಸಿದವು.

"ಎಮ್ಮಿ ಸಗಣಿ ತೆಳ್ಳಗ ಆಗೇತಲ್ಲ ಯವ್ವಾ. ಏನ್ ಮೇಸೀರಿ?"

ಹೊಸ ಮದುಮಗಳನ್ನು ತವರು ಯಾವುದು ಎಂದು ಕೇಳಲಿಲ್ಲ, ಹೆಸರೇನು ಎಂದೂ ಕೇಳಲಿಲ್ಲ. ಸಗಣಿಯ ವಿಚಾರಣೆಗೇ ಕೈಹಾಕಿದ ಮನುಷ್ಯನ ಮೇಲೆ ನನಗೆ ಆ ಕ್ಷಣವೇ ಅನುಮಾನ ಬಂತು. ಗಂಡಸು ಹಿತ್ತಲ ಗೋಡೆಯ ಮೇಲಿಂದ ಇಣುಕುವುದೆಂದರೇನು? ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ನನಗಿಂತ ಗಾಬರಿಯಾದರು. ಆದರೆ ಅವರ ಗಾಬರಿ ನನ್ನ ಸಲುವಾಗಿ ಆಗಿರಲಿಲ್ಲ. "ಎಮ್ಮಿ ಮ್ಯಾಲ ಕಣ್ಣ ಹಾಕಿದ್ರೇನ?" ಎಂದು ಕೇಳಿ ಅವರು ಒಂದು ಹಿಡಿ ಉಪ್ಪು ಹುಡುಕಲು ಹೋದರು.

ಊರು ಅವರನ್ನು ದವಾಖಾನಿ ಕಾಕಾ ಎನ್ನುತ್ತಿತ್ತು. ಸರಕಾರಿ ದನದ ದವಾಖಾನೆಯಲ್ಲಿ ಗಾಯ ತೊಳೆದು ಮದ್ದು ಹಚ್ಚುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಮಿರಜಕ್ಕೆ ಕೊಟ್ಟಿದ್ದರು. ದನ ನೆಲ ಹಿಡಿದರೆ ಎಲ್ಲರಿಗೂ ಕಾಕಾ ಬೇಕು. ಅದೇ ಎಮ್ಮೆ ಈಯ್ದರೆ ಕರುವನ್ನು ಅವರ ಕಣ್ಣಿಗೆ ಬೀಳದಂತೆ ಗೋಣಿತಟ್ಟಿನ ಮರೆಯಲ್ಲಿ ಕಟ್ಟುತ್ತಿದ್ದರು. ಅವರು ನೋಡಿದರೆ ಹಾಲು ಬತ್ತುತ್ತದೆ ಎಂದು ಓಣಿಯ ಹೆಂಗಸರೆಲ್ಲ ನಂಬಿದ್ದರು. ನಾನು ನಂಬಿದ್ದೆನೋ ಇಲ್ಲವೋ, ನಂಬುವವರ ಮನೆಯಲ್ಲಿ ಬಾಳುತ್ತಿದ್ದೆ.

ಊರು ಅವರನ್ನು ಸಂಶಯಿಸಿದಷ್ಟೇ ಅವರೂ ಊರನ್ನು ಸಂಶಯಿಸುತ್ತಿದ್ದರು. ಹೊಸ ಚಹಾಪುಡಿ ತಂದರೆ ಒದ್ದೆ ಕಾಗದದ ಮೇಲೆ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಿದ್ದರು. ಗುಳಿಗೆಯ ಚೀಟಿಯ ಮೇಲಿನ ತಾರೀಖು ಓದದೆ ನೀರು ಮುಟ್ಟುತ್ತಿರಲಿಲ್ಲ. ಯಾರಾದರೂ "ನಂಬ್ರಿ ಕಾಕಾ" ಎಂದರೆ ಸಿದ್ಧ ಉತ್ತರವಿತ್ತು: "ನಂಬೂದು ಭಾಳ ಹಗರ ಕೆಲಸ, ಅದಕ್ಕ ಎಲ್ಲಾರೂ ಅದನ್ನ ಮೊದಲ ಮಾಡ್ತಾರ."

ನಮ್ಮಿಬ್ಬರ ಸ್ನೇಹ ಶುರುವಾದದ್ದೂ ಒಂದು ಸಂಶಯದಿಂದಲೇ. ನಮ್ಮ ಯಜಮಾನರು ಪಿಕಪ್ ಗಾಡಿಯಲ್ಲಿ ದಾಳಿಂಬೆ ಹೇರಿಕೊಂಡು ಪುಣೆಗೆ ಹೋದರೆ ಮೂರು ದಿನ ಬರುತ್ತಿರಲಿಲ್ಲ. ಮಧ್ಯಾಹ್ನ ಅತ್ತೆ ಅಡ್ಡಾದರೆ ನಾನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಕನ್ನಡಕ ಬಂತು.

"ನಿನ್ನಿ ಮಧ್ಯಾಹ್ನ ನಿಮ್ಮ ಹಿತ್ತಲದಾಗ ಯಾರೋ ಹೆಣಮಗಳು ಒದರಾಕತ್ತಿತ್ತು. ಯಾರು ಹೊಡದ್ರು? ಖರೇ ಹೇಳು."

"ಯಾರೂ ಹೊಡದಿಲ್ರಿ ಕಾಕಾ. ಫೋನಿನ್ಯಾಗ ಜಾಂಬಿ ಕಚ್ಚಿತು."

ಅವರು ನಂಬಲಿಲ್ಲ, ತೋರಿಸು ಎಂದರು. ತೋರಿಸಿದೆ. ಯಾವುದೋ ದೂರದೇಶದ ಧಾರಾವಾಹಿ, ಹಿಂದಿಯಲ್ಲಿ ಮಾತು ಕೂರಿಸಿದ್ದರು. ಒಂದು ಬಂದರಿನ ಊರು. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುತ್ತಾರೆ, ಕಚ್ಚಿಸಿಕೊಂಡವರು ಸತ್ತು ಅವರೂ ಏಳುತ್ತಾರೆ. ಉಳಿದ ಹನ್ನೆರಡು ಮಂದಿ ಒಂದು ಮೀನಿನ ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಈ ರೋಗ ಮೊದಲು ಯಾರಿಗೆ ಬಂತು ಎಂಬುದೊಂದನ್ನು ಮಾತ್ರ ಹೇಳದೆ ಕಥೆಯನ್ನು ವರ್ಷದಿಂದ ವರ್ಷಕ್ಕೆ ಎಳೆಯುತ್ತಿದ್ದರು.

ಕಾಕಾ ಎರಡು ನಿಮಿಷ ನೋಡಿ ಕೇಳಿದರು: "ಕಚ್ಚಿದ ಎಷ್ಟು ದಿನಕ್ಕ ಏಳತಾರ?"

"ದಿನ ಯಾಕ್ರಿ, ಆಗಿಂದಾಗ."

"ಸುಳ್ಳ," ಎಂದು ಹೇಳಿ ಹೋದರು. ಹೋದವರು ಮಿರಜದ ಮಗಳಿಗೆ ಫೋನು ಹಚ್ಚಿ, ಆ ಧಾರಾವಾಹಿಯನ್ನು ತಮ್ಮ ಫೋನಿನಲ್ಲಿ ಹೇಗೆ ತೆರೆಯುವುದು ಎಂದು ಕೇಳಿಕೊಂಡರು. ನಾಲ್ಕು ದಿನದಲ್ಲಿ ನಾನು ನೋಡಿದ್ದಕ್ಕಿಂತ ಮುಂದೆ ಹೋಗಿದ್ದರು.

ಅಂದಿನಿಂದ ದಿನಾ ಬೆಳಿಗ್ಗೆ ನಾನು ಸಗಣಿ ಬಾಚುವ ಹೊತ್ತಿಗೆ ಗೋಡೆಯಾಚೆ ಚರ್ಚೆ ಕೂಡುತ್ತಿತ್ತು. ನಾನು ಧಾರಾವಾಹಿಯ ಪಕ್ಷ, ಅವರು ವಿರೋಧ ಪಕ್ಷ.

"ಮೊದಲನೇ ಭಾಗದಾಗ ಪೊಲೀಸನ್ನ ಕಚ್ಚಿದ್ರು, ಕಣ್ಣ ಮುಚ್ಚಿ ತೆಗಿಯೂದ್ರಾಗ ಎದ್ದ. ಈಗ ಹೀರೋನ ಅಣ್ಣನ್ನ ಕಚ್ಚ್ಯಾರ, ಎರಡು ದಿನಾ ಆತು, ಇನ್ನೂ ಮಾತಾಡಾಕತ್ತಾನ. ಇವನ ಭಾಷಣ ಮುಗಿಯೂತನಾ ರೋಗ ಬಾಗಿಲಾಗ ನಿಂತಿರತೈತೇನ?"

"ಒಬ್ಬೊಬ್ಬರ ಮೈ ಒಂದೊಂದ ಥರಾ ಇರತಾವ್ರಿ."

"ಹಂಗಿದ್ರ ಮೊದಲ ಹೇಳಬೇಕಿತ್ತು. ಸಿಕ್ಕಿಬಿದ್ದ ಮ್ಯಾಲ ಹೇಳಿದ್ರ ಸಂಶಯ ಬರತೈತಿ."

ಆ ಊರಲ್ಲಿ ಒಂದೂ ಎಮ್ಮೆ ಇಲ್ಲ, ಆದರೂ ಗೋದಾಮಿನ ಮಕ್ಕಳು ಹಾಲು ಕುಡಿಯುತ್ತಾರೆ. ಅದು ಅವರ ದೊಡ್ಡ ತಕರಾರು. ಈ ಧಾರಾವಾಹಿಯ ಅಭಿಮಾನಿಗಳದು ಫೋನಿನಲ್ಲಿ ಒಂದು ಗುಂಪಿತ್ತು. ಹಿಂದಿ, ಮರಾಠಿ ಎರಡೂ ನಡೆಯುತ್ತಿದ್ದವು. ಅದರಲ್ಲಿ ಕೇಳು ಎಂದು ನನ್ನಿಂದ ಬರೆಸಿದರು: ಹಾಲು ಎಲ್ಲಿಂದ ಬರುತ್ತದೆ? ಯಾರೋ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖ ಹಾಕಿದರು. "ಉತ್ತರ ಇಲ್ಲದವರು ನಗತಾರ. ಇವನ ಹೆಸರ ಬರದಿಟಗೋ," ಎಂದರು. ಮೊದಲ ರೋಗಿ ಗೋದಾಮಿನ ಕಾವಲುಗಾರನೇ ಎಂಬುದು ಅವರ ಗಟ್ಟಿ ಅಭಿಪ್ರಾಯ. ಯಾಕೆಂದರೆ ಅವನು ಊಟ ಮಾಡಿದ್ದನ್ನು ಒಮ್ಮೆಯೂ ತೋರಿಸಿಲ್ಲ.

ಒಂದು ಮಾತಿಗೆ ಮಾತ್ರ ನಾವು ನಿಜವಾಗಿ ಜಗಳಾಡಿದೆವು. ಗೋದಾಮಿನಲ್ಲಿ ಬ್ರೆಡ್ಡು ಮಾಡುವ ಒಬ್ಬ ಹೆಂಗಸಿದ್ದಳು. ಬೇಸಿಗೆಯಲ್ಲೂ ಕೈಗವಸು ಹಾಕಿಕೊಂಡಿರುತ್ತಿದ್ದಳು. ಕೊನೆಗೆ ಕೈಗವಸು ಕಳಚಿದಾಗ ಅಂಗೈಯಲ್ಲಿ ಹಲ್ಲಿನ ಗುರುತು. ಅವಳಿಂದ ಐದು ಮಂದಿ ಸತ್ತರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಇಂಥಾ ಹುಚ್ಚರು ಎಲ್ಲ್ಯರ ಇರತಾರೇನ್ರಿ? ಕಚ್ಚಿದ ಕೂಡಲೆ ಹೇಳಬೇಕಿಲ್ಲೋ? ಇದೊಂದ ಮಾತ್ರ ಸುಳ್ಳ ತೋರಿಸ್ಯಾರ ನೋಡ್ರಿ."

"ಇಡೀ ಕಥಿಯೊಳಗ ಅದೊಂದ ಖರೇ ಐತಿ," ಎಂದರು ಕಾಕಾ. "ಕಚ್ಚಿಸಿಕೊಂಡವರು ಹೇಳಂಗಿಲ್ಲ ಯವ್ವಾ. ಹೇಳಿದ್ರ ಅವರದೇನೋ ಒಂದು ಹೋಗತಿರತೈತಿ. ಗಾಯ ಎಲ್ಲೈತಿ ಅಂತ ಹುಡುಕಬಾರದು. ಹೇಳಿದ್ರ ಇವರದೇನ ಹೋಗತೈತಿ, ಅದನ್ನ ಹುಡುಕಬೇಕು. ಗಾಯ ತಾನ ಸಿಗತೈತಿ."

ನಾನಾಗಿದ್ದರೆ ಊರೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದೆ ಎಂದೆ. ಅವರು ಎಡಗಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

ಆ ದಿನಗಳಲ್ಲೇ ಒಂದು ಕೆಂದ ನಾಯಿ ನಮ್ಮ ಓಣಿಯಲ್ಲಿ ಹಾದುಹೋಯಿತು. ಬಾಯಲ್ಲಿ ಜೊಲ್ಲು ಸುರಿಸುತ್ತ, ಯಾರ ಕಡೆಗೂ ನೋಡದೆ ಓಡಿತು. ನೀರಿನ ದೋಣಿಯ ಹತ್ತಿರ ಕಟ್ಟಿದ್ದ ನಮ್ಮ ಗಬ್ಬದ ಎಮ್ಮೆಯ ಮೂತಿಗೆ ಬಾಯಿ ಹಾಕಿ ಬಾಲಗಾಂವದ ದಾರಿ ಹಿಡಿಯಿತು. ಎಮ್ಮೆಗೆ ಆದದ್ದು ಅಕ್ಕಿಕಾಳಿನಷ್ಟು ಗಾಯ, ಎರಡು ದಿನಕ್ಕೆ ಒಣಗಿತು. ಆದರೆ ಕಾಕಾ ಬಿಡಲಿಲ್ಲ. ವಾರಪೂರ್ತಿ ಹಾಲು ಹಾಕಲು ಬಂದವರನ್ನು, ಬಸ್ಸಿಳಿದವರನ್ನು, ಕುರಿ ಕಾಯುವವರನ್ನು ಹಿಡಿದು ಕೇಳಿದರು: "ಆ ನಾಯಿ ಎಲ್ಲಿ ಹೋತು? ಬದುಕೇತೋ ಸತ್ತೈತೋ? ಸತ್ತದ್ದ ಯಾರು ನೋಡ್ಯಾರ?" ನಮ್ಮ ಯಜಮಾನರು ನಕ್ಕರು. "ಕಾಕಾರ ತಲ್ಯಾಗ ಜಾಂಬಿ ಹೊಕ್ಕಾವ. ನೀನ ಹೊಗಸಿದ್ದು," ಎಂದು ನನ್ನನ್ನು ಬೈದರು.

ಕಾಕಾ ಅತ್ತೆಯ ಹತ್ತಿರ ಬಂದು, ಎಮ್ಮೆಗೆ ಜತ್ತದ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಿರಿ ಎಂದರು. ಅತ್ತೆ ಒಪ್ಪಲಿಲ್ಲ. "ಗಬ್ಬದ ಎಮ್ಮಿಗೆ ಸೂಜಿ ಹಾಕಿಸಿದ್ರ ಗರ್ಭ ಉಳಿತೈತೇನ್ರಿ ಅಣ್ಣಾರ?" ಎಂದರು. ಅವರು ಹೋದ ಮೇಲೆ, ಎಮ್ಮೆಯ ಮೇಲೆ ಇವರ ಕಣ್ಣು ಬಿದ್ದೇ ಬಿಟ್ಟಿತು ಎಂದು ಕಪ್ಪು ದಾರ ತಂದು ಅದರ ಕಾಲಿಗೆ ಕಟ್ಟಿದರು. ಅತ್ತೆಯ ಮಾತು ನನಗೂ ಸರಿ ಎನಿಸಿತ್ತು. ಮದುವೆಯಾದ ಎರಡು ವರ್ಷದಲ್ಲಿ ನನಗೆ ಎರಡು ಸಲ ಬಸಿರು ನಿಂತು ಎರಡೂ ಸಲ ಹೋಗಿತ್ತು. ಮೊದಲನೆಯದು ಹೋದದ್ದು ಜ್ವರಕ್ಕೆಂದು ಸೂಜಿ ಚುಚ್ಚಿಸಿಕೊಂಡ ನಾಲ್ಕನೆಯ ದಿನಕ್ಕೆ. ಸೂಜಿಯೇ ಕಾರಣ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ನಾವೇ ಹೇಳಿಕೊಂಡಿದ್ದೆವು.

ಎರಡು ತಿಂಗಳ ಮೇಲೆ ಎಮ್ಮೆ ಈಯ್ದಿತು. ಹೆಣ್ಣುಗರು. ನಮ್ಮ ಕಡೆ ಎಮ್ಮೆ ಈಯ್ದರೆ ಮೊದಲ ಹಾಲು, ಅಂದರೆ ಗಿಣ್ಣದ ಹಾಲು, ಓಣಿಯ ಎಲ್ಲ ಮನೆಗೂ ಹೋಗಬೇಕು. ಕೆಲವರಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣ. ತಾವೇ ಮಾಡಿಕೊಳ್ಳುತ್ತೇವೆ ಎನ್ನುವವರಿಗೆ ಹಸಿ ಹಾಲು. ಕಳಿಸಿದ ಡಬ್ಬಿಯನ್ನು ಬರಿದೇ ಹಿಂದಿರುಗಿಸಬಾರದು, ಒಂದು ಹಿಡಿ ಜೋಳವಾದರೂ ಹಾಕಬೇಕು. ಅತ್ತೆ ಹದಿನೈದು ಮನೆಗೆ ಕಳಿಸಿದರು. ಗೋಡೆಯಾಚೆಯ ಮನೆಗೆ ಕಳಿಸಲಿಲ್ಲ. "ಕರುವಿನ ಸುದ್ದೀನ ಅವರಿಗೆ ಹೇಳಬ್ಯಾಡ," ಎಂದು ನನಗೆ ತಾಕೀತು. ಏಲಕ್ಕಿಯ ವಾಸನೆ ಗೋಡೆ ಹಾರಿ ಹೋಗುವುದನ್ನು ಯಾರು ತಡೆಯುತ್ತಾರೆ? ಮರುದಿನ ಬೆಳಿಗ್ಗೆ ಕಾಕಾ ಗೋದಾಮಿನ ಕಾವಲುಗಾರನ ಬಗ್ಗೆ ಮಾತಾಡಿದರು, ಗಿಣ್ಣದ ಬಗ್ಗೆ ಕೇಳಲಿಲ್ಲ. ನನಗೆ ನಾಚಿಕೆಯಾಯಿತು.

ಐದನೆಯ ದಿನ ಎಮ್ಮೆ ಮೇವು ಬಿಟ್ಟಿತು. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ನೀರಿಗೆ ಮೂತಿ ಇಟ್ಟು ನುಂಗಲಾರದೆ ಹಿಂದೆಗೆಯುತ್ತಿತ್ತು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಆಮೇಲೆ ದೃಷ್ಟಿ ತೆಗೆಯುವ ಅಜ್ಜಿಯನ್ನು ಕರೆತರಲು ಹೋದರು. ನಾನೊಬ್ಬಳೇ ಉಳಿದೆ. ಜೋಳದ ಒಣ ದಂಟು, ಕಣಕಿಯ ತುಂಡು, ಗಂಟಲಿಗೆ ಸಿಕ್ಕಿರಬೇಕು ಎನಿಸಿತು. ಗೋಡೆಯ ಕಡೆ ನೋಡಿದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಗಿಣ್ಣ ಕಳಿಸದ ಮನೆಯವರನ್ನು ಯಾವ ಬಾಯಿಂದ ಕರೆಯುವುದು? ಅದೂ ಅಲ್ಲದೆ, ಅವರ ಕಣ್ಣಿನಿಂದಲೇ ಹೀಗಾಗಿದ್ದರೆ ಎಂಬ ಹುಳ ನನ್ನ ತಲೆಯಲ್ಲೂ ಇತ್ತು. ಇದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಎಡಗೈಯಿಂದ ಮೂಗುದಾರ ಹಿಡಿದು ಬಲಗೈಯನ್ನು ಎಮ್ಮೆಯ ಬಾಯೊಳಗೆ ಹಾಕಿದೆ.

ಕಣಕಿ ಇರಲಿಲ್ಲ, ಏನೂ ಇರಲಿಲ್ಲ. ಎಮ್ಮೆ ತಲೆ ಕೊಡವಿತು. ಅದರ ದವಡೆಗೆ ಸಿಕ್ಕು ಎರಡು ಹಸಿರು ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿದವು. ಜೊಲ್ಲು ಮೆತ್ತಿದ ಕೈಯಲ್ಲಿ ಎರಡು ಗೆರೆ ರಕ್ತ. ಬಳೆ ಒಡೆದದ್ದು ಅತ್ತೆಗೆ ಗೊತ್ತಾದರೆ ಇನ್ನೊಂದು ಅಪಶಕುನ ಎಂದು ಚೂರುಗಳನ್ನು ತಿಪ್ಪೆಯಲ್ಲಿ ಹುಗಿದೆ. ನೀರಲ್ಲಿ ಕೈ ಅದ್ದಿ ಸೆರಗಿಗೆ ಒರೆಸಿಕೊಂಡೆ.

ಮಧ್ಯಾಹ್ನ ಎಮ್ಮೆ ಕೂಗತೊಡಗಿತು. ಎಂದೂ ಕೇಳದ, ಒಡೆದ ದನಿ. ಆ ದನಿ ಕೇಳಿ ಕಾಕಾ ಗೋಡೆಯ ಹತ್ತಿರ ಓಡಿಬಂದರು.

"ಯಾರೂ ಅದರ ಹಂತ್ಯಾಕ ಹೋಗಬ್ಯಾಡ್ರಿ! ಕರಾ ಬಿಚ್ಚಿ ಬ್ಯಾರೆ ಕಟ್ರಿ, ಕೈಗೆ ಪ್ಲಾಸ್ಟಿಕ್ ಚೀಲಾ ಸುತಗೊಂಡು!"

ಅತ್ತೆ ಸಿಡಿದೆದ್ದರು. "ಮಾಡೂದ ಮಾಡಿ ಈಗ ಬಂದ್ರೇನ್ರಿ ಅಣ್ಣಾರ? ನಿಮ್ಮ ಕಣ್ಣಿಂದ ಆಗಿದ್ದು ಇದು!"

"ಆತವ್ವ ತಂಗಿ, ನನ್ನ ಕಣ್ಣಿಂದನ ಆಗೇತಿ ಅಂತ ತಿಳಿ. ಆದ್ರ ಹಂತ್ಯಾಕ ಹೋಗಬ್ಯಾಡ," ಎಂದು ಅಲ್ಲಿಂದಲೇ ಜತ್ತದ ದನದ ಡಾಕ್ಟರಿಗೆ ಫೋನು ಹಚ್ಚಿದರು. ಡಾಕ್ಟರು ಸಂಜೆ ನಾಲ್ಕಕ್ಕೆ ಬಂದು ದೂರದಿಂದ ನೋಡಿ, ಇದು ಹುಚ್ಚುನಾಯಿಯ ರೋಗ, ಉಳಿಯುವುದಿಲ್ಲ ಎಂದರು. ಎಮ್ಮೆ ಮರುದಿನ ಸೂರ್ಯ ಏರುವ ಹೊತ್ತಿಗೆ ಸತ್ತಿತು.

ಆಮೇಲೆ ಓಣಿ ನಮ್ಮ ಬಾಗಿಲಿಗೆ ಬಂತು. ಗಿಣ್ಣ ತಿಂದವರೆಲ್ಲ ನಮ್ಮನ್ನು ಕೊಲೆಗಾರರನ್ನು ನೋಡುವಂತೆ ನೋಡಿದರು. ಮೊನ್ನೆ ಮೊನ್ನೆ ಡಬ್ಬಿಯಲ್ಲಿ ಜೋಳ ಹಾಕಿ ಕಳಿಸಿದವರು ಇವತ್ತು ಒಬ್ಬರ ಪಕ್ಕ ಒಬ್ಬರು ನಿಲ್ಲುತ್ತಿರಲಿಲ್ಲ. ಯಾರೋ ಕೆಮ್ಮಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಕಾಕಾ ಬಂದು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಯಾವ ಡಬ್ಬಿ ಯಾರ ಮನಿಗೆ ಹೋಗಿತ್ತು, ಬೇಯಿಸಿದ್ದೋ ಹಸೀದೋ, ಒಂದೊಂದ ಹೇಳು."

ಅತ್ತೆ ತಲೆ ತಗ್ಗಿಸಿದರು. "ನಿಮ್ಮ ಮನಿಗೆ ಕಳಸಿದ್ದಿಲ್ರಿ ಅಣ್ಣಾರ."

"ಅದು ಗೊತ್ತೈತಿ. ಉಳದ ಹದಿನೈದು ಹೇಳು."

ಡಬ್ಬಿಯ ಜಾಡು ಹಿಡಿದು ಮನೆಮನೆಗೆ ಹೋದರು. ಕುದಿಸಿ ತಿಂದವರಿಗೆ ಭಯವಿಲ್ಲ ಎಂದು ಧೈರ್ಯ ಹೇಳಿದರು. ಹಸಿ ಹಾಲು ಬಾಯಿಗೆ ಹಾಕಿಕೊಂಡ ಇಬ್ಬರನ್ನು ಮತ್ತು ಒಡೆದ ಬೆರಳುಗಳಿಂದ ಹಾಲು ಹಿಂಡಿದ ಅತ್ತೆಯನ್ನು ಅಂದೇ ಜತ್ತದ ದವಾಖಾನೆಗೆ ಕಳಿಸಿದರು. ಎಮ್ಮೆಯ ಬಾಯಿ ಮುಟ್ಟಿದವರು ಯಾರಾದರೂ ಇದ್ದೀರಾ ಎಂದು ಎಲ್ಲರ ಎದುರಿಗೆ ಎರಡು ಸಲ ಕೇಳಿದರು. ಎರಡನೆಯ ಸಲ ನನ್ನ ಕಡೆ ತಿರುಗಿದರು.

"ನಾ ಎಮ್ಮಿ ಮುಟ್ಟೇ ಇಲ್ರಿ," ಎಂದೆ. ಒಂದು ಸಲವೂ ತೊದಲಲಿಲ್ಲ.

ನನ್ನ ಹೊಟ್ಟೆಯಲ್ಲಿ ಎರಡು ತಿಂಗಳಿತ್ತು. ಮೂರು ತುಂಬುವತನಕ ಬಾಯಿ ಬಿಡಬಾರದೆಂದು ಯಜಮಾನರಿಗೂ ಹೇಳಿರಲಿಲ್ಲ. ಕೈಯ ವಿಷಯ ಹೇಳಿದರೆ ಸೂಜಿ, ಸೂಜಿ ಎಂದರೆ ಇದೂ ಹೋದಂತೆಯೇ. ಇಷ್ಟು ಸಣ್ಣ ಗೆರೆಗೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬ್ರೆಡ್ಡಿನ ಹೆಂಗಸು ನೆನಪಾಗಲೇ ಇಲ್ಲ. ನಿಜ ಹೇಳಬೇಕೆಂದರೆ, ನೆನಪಾಗಿದ್ದಳು.

ಮರುದಿನ ಬೆಳಿಗ್ಗೆ ಅತ್ತೆ ಇನ್ನೂ ಎದ್ದಿರಲಿಲ್ಲ. ಕರುವನ್ನೂ ಬೇರೆ ಕಡೆ ಕಟ್ಟಿ ಖಾಲಿಯಾಗಿದ್ದ ಕೊಟ್ಟಿಗೆ ಬಾಚುತ್ತಿದ್ದೆ. ಕನ್ನಡಕ ಬಂತು.

"ಎಡಗೈಲೆ ಯಾಕ ಬಾಚತಿ?"

"ಬಲಗೈ ನೋಯತೈತ್ರಿ, ಕೊಡಾ ಎತ್ತಿದ್ನಿ."

"ಬಲಗೈಯಾಗಿನ ಬಳಿ ಎಲ್ಲಾ ಎಡಗೈಗೆ ಯಾಕ ಬಂದುವು?"

ನಾನು ಬಾಚುತ್ತಲೇ ಇದ್ದೆ. ಇವರು ಹಾಳಾಗಿ ಹೋಗಲಿ, ಇವರ ಕಣ್ಣು ಒಡೆದು ಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ. ಗಾಯ ತೋರಿಸು ಎನ್ನುತ್ತಾರೆಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಅವರು ಅದನ್ನು ಕೇಳಲೇ ಇಲ್ಲ.

"ಹೇಳಿದ್ರ ನಿಂದೇನ ಹೋಗತೈತಿ ಯವ್ವಾ?"

ನನ್ನ ಕೈ ತಾನೇ ಹೊಟ್ಟೆಯ ಮೇಲೆ ಹೋಯಿತು. ನೋಡಿದರು. ಕಿವಿಯ ದಾರ ಬಿಚ್ಚಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ಬೇವಿನ ಗಿಡದ ಕಡೆ ಮುಖ ತಿರುಗಿಸಿದರು. ಅವರು ಗೋಡೆಯ ಹತ್ತಿರ ಕನ್ನಡಕ ತೆಗೆದದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಸಾಬಾಣ ತಗೊಂಡ ಬಾ," ಎಂದರು ಆ ಕಡೆಯೇ ನೋಡುತ್ತ. "ನಳದ ಕೆಳಗ ಕೈ ಹಿಡಿ. ಹದಿನೈದು ಮಿನಿಟ. ತಡಾ ಆಗೇತಿ, ಆದ್ರೂ ತೊಳಿ."

ಹದಿನೈದು ನಿಮಿಷ ಎಷ್ಟು ಉದ್ದ ಎಂಬುದು ಸಾಬೂನು ಹಚ್ಚಿ ನಿಂತವರಿಗೆ ಮಾತ್ರ ಗೊತ್ತು. ಎರಡು ನಿಮಿಷಕ್ಕೆ ನಾನು ಅಳತೊಡಗಿದೆ. ಅವರು ಸಮಾಧಾನ ಹೇಳಲಿಲ್ಲ. ಹಿಂದಿನ ದಿನ ನಾನು ನೋಡದೆ ಬಿಟ್ಟಿದ್ದ ಕಂತಿನ ಕಥೆ ಹೇಳತೊಡಗಿದರು. ಗೋದಾಮಿನ ಛಾವಣಿ ಹೇಗೆ ಕುಸಿಯಿತು, ಕಾವಲುಗಾರ ಯಾಕೆ ಹಿಂದೆ ಉಳಿದ, ಬೀಗದ ಕೈ ಯಾರ ಹತ್ತಿರ ಸಿಕ್ಕಿತು, ಎಲ್ಲವನ್ನೂ ಬೇವಿನ ಗಿಡಕ್ಕೆ ಹೇಳಿದರು. ನಡುನಡುವೆ "ಇದು ಸುಳ್ಳ" ಎಂದು ಷರಾ ಬೇರೆ. ಅಳುತ್ತಲೇ ನಾನು "ಬೀಗಾ ಹಿಂದಿನ ಕಂತಿನ್ಯಾಗ ಮುರದಿತ್ತಲ್ರಿ" ಎಂದೆ. "ಹಾಂ! ನೀನೂ ನೋಡಿದ್ಯಾ ಅದನ್ನ?" ಎಂದರು. ಕಂತು ಮುಗಿಯುವ ಹೊತ್ತಿಗೆ ಹದಿನೈದು ನಿಮಿಷ ಮುಗಿದಿತ್ತು.

"ಸೂಜಿಯಿಂದ ಹೊಟ್ಯಾಗಿಂದಕ್ಕ ಏನೂ ಆಗಂಗಿಲ್ಲ," ಎಂದರು ಕೊನೆಗೆ. "ಆದ್ರ ನನ್ನ ಮಾತ ನಂಬಬ್ಯಾಡ. ನಾ ದನದ ಗಾಯ ತೊಳದಾಂವ. ಡಾಕ್ಟರಬಾಯಾರನ್ನ ಕೇಳು. ಅವರ ಮ್ಯಾಲೂ ಸಂಶಯ ಬಂದ್ರ ಇನ್ನೊಬ್ಬರನ್ನ ಕೇಳು. ಕೇಳಾಕ ಮಾತ್ರ ಇವತ್ತ ಹೋಗಬೇಕು."

ಜತ್ತದ ಬಸ್ಸಿನಲ್ಲಿ ಅವರು ನನ್ನಿಂದ ಮೂರು ಸೀಟು ಹಿಂದೆ ಕೂತರು, ಊರಿನವರ ಬಾಯಿಗೆ ಸಿಗದಿರಲಿ ಎಂದು. ದವಾಖಾನೆಯ ಡಾಕ್ಟರಬಾಯಿ ಕೈ ನೋಡಿ, ತಡಮಾಡಿದ್ದಕ್ಕೆ ಚೆನ್ನಾಗಿ ಬೈದರು. ಬಸುರಿಯರಿಗೆ ಈ ಸೂಜಿಯಿಂದ ಅಪಾಯವಿಲ್ಲ, ಹಾಕಿಸಿಕೊಳ್ಳದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಎಂದರು. ನಾನು ಎರಡನೆಯ ಸಲ ಕೇಳಿದೆ. ಎರಡನೆಯ ಸಲವೂ ಅದನ್ನೇ ಹೇಳಿದರು. ಅಷ್ಟರಲ್ಲಿ ಕಾಕಾ ಬಾಗಿಲಲ್ಲಿ ನಿಂತು ಬಾಟಲಿಯ ಮೇಲಿನ ತಾರೀಖು ತೋರಿಸಿರಿ, ಐಸಿನಲ್ಲಿ ಇಟ್ಟಿದ್ದಿರೋ ಇಲ್ಲವೋ ಎಂದು ವಿಚಾರಣೆ ಶುರುಮಾಡಿದ್ದರು. "ಆಜೋಬಾ, ತುಮ್ಹೀ ಬಾಹೇರ ಬಸಾ!" ಎಂದು ಡಾಕ್ಟರಬಾಯಿ ಮರಾಠಿಯಲ್ಲಿ ಗದರಿ ಹೊರಗೆ ಕೂರಿಸಿದರು. ಗಾಯದ ಸುತ್ತ ಒಂದು ಮದ್ದು, ತೋಳಿಗೆ ಒಂದು ಸೂಜಿ. ಇನ್ನು ಯಾವ ಯಾವ ದಿನ ಬರಬೇಕೆಂದು ಚೀಟಿ ಬರೆದುಕೊಟ್ಟರು.

ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ನಾನು ಕೇಳದಿದ್ದರೂ ಅವರೇ ಹೇಳಿದರು.

"ನನ್ನ ತಮ್ಮಗೂ ನಾಯಿ ಕಚ್ಚಿತ್ತು. ಪ್ಯಾಂಟ ಮುಳ್ಳಿಗೆ ಹರದೈತಿ ಅಂದಾ. ನಾ ದವಾಖಾನ್ಯಾಗ ಕೆಲಸಾ ಮಾಡಾಂವ, ನಾನ ನಂಬಿದ್ನಿ. ಹತ್ತ ದಿನಕ್ಕ ಅವನ ಮದವಿ ಇತ್ತು. ಹೇಳಿದ್ರ ಎಲ್ಲಿ ಮದವಿ ಮುರೀತೈತೋ ಅಂತ ಅವನಿಗೆ ಅಂಜಿಕಿ. ಮದವಿ ಆತು. ತಿಂಗಳಕ್ಕ ತಂಬಿಗಿ ನೀರು ನೋಡಿ ಅಂಜಿದಾ."

ಬಸ್ಸು ಬಂತು, ಮತ್ತೆ ಮೂರು ಸೀಟು ಹಿಂದೆ ಹೋಗಿ ಕೂತರು.

ನಾನು ಎಂಥವಳು ನೋಡಿ. ಅವರ ಜೊತೆ ಇದ್ದು ಇದ್ದು ನನ್ನ ಬುದ್ಧಿಯೂ ಹಾಗೇ ಆಗಿತ್ತು. ಮನೆ ಮುಟ್ಟುವುದರೊಳಗೆ ನನಗೆ ಅನುಮಾನ ಹತ್ತಿತ್ತು. ಉಳಿದ ಸೂಜಿಗಳನ್ನು ನಾನು ತಪ್ಪಿಸಬಾರದೆಂದು ಈ ತಮ್ಮನನ್ನು ಕಟ್ಟಿ ಹೇಳಿದರೇ? ಊರಲ್ಲಿ ಯಾರೂ ಅವರಿಗೆ ತಮ್ಮನಿದ್ದ ಎಂದದ್ದನ್ನು ನಾನು ಕೇಳಿರಲಿಲ್ಲ. ಹಾಗಿದ್ದೂ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ. ಹೊಟ್ಟೆಯಲ್ಲಿದ್ದದ್ದು ನಿಂತಿತು, ಬೆಳೆಯಿತು. ಮಗಳು ಹುಟ್ಟಿದಾಗ ಕಾಕಾ ತೊಟ್ಟಿಲ ಹತ್ತಿರ ಬರಲಿಲ್ಲ, ಹೊಸಿಲಾಚೆಯೇ ನಿಂತರು. ಅತ್ತೆಯೇ ಮಗುವನ್ನು ಎತ್ತಿಕೊಂಡು ಹೋಗಿ ಅವರ ಮುಖದ ಮುಂದೆ ಹಿಡಿದು, "ಕಣ್ಣ ತುಂಬ ನೋಡ್ರಿ ಅಣ್ಣಾರ," ಎಂದರು. ಮುಂದಿನ ವರ್ಷ ಹೊಸ ಎಮ್ಮೆ ಈಯ್ದಾಗ ಮೊದಲ ಡಬ್ಬಿ ಹೋದದ್ದು ಗೋಡೆಯಾಚೆಗೆ. ಮೂಸಿ ನೋಡಿ ಕೇಳಿದರು: "ಎಷ್ಟೊತ್ತು ಬೇಯಿಸೀರಿ?"

ಹೋದ ವರ್ಷ ಎದೆನೋವೆಂದು ಕಾಕಾರ ಮಗಳು ಅವರನ್ನು ಮಿರಜಕ್ಕೆ ಕರೆದುಕೊಂಡು ಹೋದಳು. ಧಾರಾವಾಹಿಯ ಕೊನೆಯ ಎರಡು ಕಂತು ಆ ವಾರವೇ ಬರುವುದಿತ್ತು. ಗಾಡಿ ಹತ್ತುವ ಮೊದಲು ಗೋಡೆಯ ಹತ್ತಿರ ಬಂದರು. "ನಾ ಬರೂತನಾ ನೋಡಬ್ಯಾಡ. ನೀ ಮೊದಲ ನೋಡಿದ್ರ ಬಾಯಿ ಬಿಟಬಿಡ್ತಿ, ನನಗ ನಿನ್ನ ಮ್ಯಾಲ ನಂಬಿಗಿಲ್ಲ." ನೋಡುವುದಿಲ್ಲ ಎಂದೆ. "ಖರೇನ?" ಎಂದು ಎಡಗಣ್ಣು ಕಿರಿದು ಮಾಡಿದರು. ಅವರು ಬರಲಿಲ್ಲ. ಒಂಬತ್ತನೆಯ ದಿನ ಮಣ್ಣಿಗೆಂದು ಅವರನ್ನು ಊರಿಗೆ ತಂದರು.

ಮನೆ ಖಾಲಿ ಮಾಡಲು ಬಂದ ಮಗಳಿಗೆ ನೆರವಾಗಲೆಂದು ಆ ಮನೆಯೊಳಗೆ ನಾನು ಮೊದಲ ಸಲ ಕಾಲಿಟ್ಟೆ. ಇಷ್ಟು ವರ್ಷ ಎಲ್ಲವೂ ಗೋಡೆಯ ಮೇಲೆಯೇ ನಡೆದಿತ್ತು. ದೇವರ ಗೂಡಿನ ಪಕ್ಕದಲ್ಲಿ ಒಂದು ಹಳೆಯ ಫೋಟೋ ಇತ್ತು. ಬಾಸಿಂಗ ಕಟ್ಟಿಕೊಂಡ ಎಳೆಯ ಮದುಮಗ, ಪಕ್ಕದಲ್ಲಿ ಎರಡೂ ಕಡ್ಡಿಯ ಕನ್ನಡಕ ಹಾಕಿಕೊಂಡು ನಗುತ್ತಿರುವ ಕಾಕಾ. "ನಮ್ಮ ಕಾಕಾ ಇವರು. ಅಪ್ಪಾರ ತಮ್ಮ," ಎಂದಳು ಮಗಳು. "ಮದವಿಯಾಗಿ ತಿಂಗಳಕ್ಕ ಹೋದ್ರು. ಅಪ್ಪಾರು ಅವರ ಸುದ್ದಿ ಯಾರ ಮುಂದೂ ತಗೀತಿದ್ದಿಲ್ಲ." ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವ ನೆಪದಲ್ಲಿ ಮೂಲೆಗೆ ತಿರುಗಿ ಅತ್ತುಬಿಟ್ಟೆ. ಯಾರ ಮುಂದೂ ತೆಗೆಯದ ಸುದ್ದಿಯನ್ನು ಅವರು ಬಸ್‌ಸ್ಟ್ಯಾಂಡಿನಲ್ಲಿ ಕೂತು ನನ್ನ ಮುಂದೆ ತೆಗೆದಿದ್ದರು. ನಾನು ಅದನ್ನು ನಾಲ್ಕು ವರ್ಷ ಕಟ್ಟುಕಥೆ ಎಂದುಕೊಂಡಿದ್ದೆ.

ಕೊನೆಯ ಎರಡು ಕಂತನ್ನು ನಾನು ಇನ್ನೂ ನೋಡಿಲ್ಲ. ಅಭಿಮಾನಿಗಳ ಗುಂಪಿನಿಂದಲೂ ಹೊರಗೆ ಬಂದೆ, ಯಾರಾದರೂ ಹೇಳಿಬಿಟ್ಟಾರೆಂದು.

ಮೊನ್ನೆ ಬೆಳಿಗ್ಗೆ ನನ್ನ ಮಗಳು ಆಡಿಕೊಂಡು ಬಂದವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಏನಾಯಿತು ಎಂದೆ. ಏನಿಲ್ಲ ಎಂದಳು. ಕೈ ತೋರಿಸು ಎಂದು ಬಾಯಿಗೆ ಬಂದಿತ್ತು, ತಡೆದುಕೊಂಡೆ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಹೇಳಿದ್ರ ನಿಂದೇನ ಹೋಗತೈತಿ?"

ನನ್ನ ಮುಖವನ್ನೇ ನೋಡಿದಳು. "ಕುನ್ನಿಮರಿ," ಎಂದಳು. "ನೀ ಅದನ್ನ ಓಡಸ್ತಿ."

ಅಂಗೈಯಲ್ಲಿ ಎರಡು ಸಣ್ಣ ಹಲ್ಲಿನ ಗುರುತು. ಓಡಿಸುವುದಿಲ್ಲ ಎಂದು ಮಾತು ಕೊಟ್ಟು ಅವಳನ್ನು ನಳದ ಕೆಳಗೆ ನಿಲ್ಲಿಸಿ ಸಾಬೂನು ಹಚ್ಚಿದೆ. ಎರಡು ನಿಮಿಷಕ್ಕೆ ಅಳು ಬಂತು. ನಾನು ಕಥೆ ಶುರುಮಾಡಿದೆ: ಒಂದು ಬಂದರಿನ ಊರಿತ್ತು, ಅಲ್ಲೊಂದು ಮೀನಿನ ಗೋದಾಮಿತ್ತು. ಅಳು ನಿಲ್ಲಿಸಿ ಕೇಳಿದಳು.

"ಮೊದಲ ಯಾರಿಗೆ ಬಂದಿತ್ತ ಅವ್ವಾ?"

"ನನಗ ಗೊತ್ತಿಲ್ಲ. ಗ್ವಾಡಿ ಆಚೆ ಕಾಕಾರು ಕಾವಲುಗಾರಗ ಬಂದಿತ್ತು ಅಂತಿದ್ರು."

"ಖರೇನ?"

ಎಡಗಣ್ಣು ಕಿರಿದು ಮಾಡಿಕೊಂಡು ಕೇಳಿದಳು. ಸಾಬೂನಿನ ನೊರೆ ಹಾರಿ ಕಣ್ಣಿಗೆ ಬಿದ್ದಿತ್ತೋ ಏನೋ. "ಕೈ ಹೊರಗ ತಗೀಬ್ಯಾಡ, ಇನ್ನೂ ಹದಿನೈದು ಮಿನಿಟ ಆಗಿಲ್ಲ," ಎಂದೆ. ಆದ ಮೇಲೆ ಇಬ್ಬರೂ ಜತ್ತದ ಬಸ್ಸು ಹಿಡಿದೆವು.